ಮಾವನ ಎತ್ತರದ ಮೇಜು

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ೭ನೇ ತಾರೀಕು

ಪ್ರೀತಿಯ ನನ್ನವರೇ,

ಹೇಗಿದ್ದೀರಿ? ನಿಮ್ಮ ಸೇತುವೆ ಎಲ್ಲಿಯವರೆಗೆ ಬಂತು? ಆ ಗುಡ್ಡದ ಮೇಲೆ ಸಿಗ್ನಲ್ ಇಲ್ಲದಿದ್ದರೆ ಹಾಳಾಗಿ ಹೋಗಲಿ, ಬೆಚ್ಚಗೆ ಹೊದೆಯಲು ಕಂಬಳಿಯಾದರೂ ಇದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮದುವೆಯ ಫೋಟೋ ನೋಡುತ್ತ ಕೂತರೆ ಹೊಟ್ಟೆ ತುಂಬುವುದಿಲ್ಲ, ನಾನು ಪ್ರಯತ್ನಿಸಿ ನೋಡಿದ್ದೇನೆ. ಇಂಗ್ಲಿಷ್ ಮೀಡಿಯಂ ಹುಡುಗಿಯ ಕಾಗದದಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ಜಾರಿ ಬಿದ್ದಿರುತ್ತವೆ, ನಗಬೇಡಿ. ಬೇಡ, ನಗಿ. ನಕ್ಕರೆ ನೀವು ಎಷ್ಟು ಚೆಂದ!

ಹಬ್ಬ ಹತ್ತಿರ ಬಂತಲ್ಲ, ನಮ್ಮ ಹೊಲಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅತ್ತೆ ಬೆಳಗ್ಗೆ ಕಟಿಂಗ್ ಮೇಜಿನ ಮೇಲೆ ಬಗ್ಗಿದರೆ ದೀಪ ಹಚ್ಚುವ ಹೊತ್ತಿಗೇ ತಲೆ ಎತ್ತುವುದು. ಗಾಬರಿಯಾಗದೆ ಓದಿ: ಹೋದ ವಾರ ಅವರ ಸೊಂಟ ಹಿಡಿದುಕೊಂಡಿತು. ಸೂಜಿ ಎತ್ತಲು ಬಗ್ಗಿದವರು ಮೇಲೇಳಲೇ ಇಲ್ಲ. "ಸೂಜಿ ಹುಡುಕ್ತಾ ಇದ್ದೀನಿ ಕಣೇ" ಎನ್ನುತ್ತಾರೆ, ಸೂಜಿ ಅವರ ಕೈಯಲ್ಲೇ ಇದೆ! ಮೆಲ್ಲಗೆ ಹಿಡಿದು ಕೂರಿಸಿದೆ. "ನಿಮ್ಮ ಮಾವನಿಗೆ ಹೇಳ್ಬೇಡ. ನನ್ನ ಮಗನಿಗಂತೂ ಬೇಡವೇ ಬೇಡ, ಅಂಗಡಿ ಮುಚ್ಚಿ ಅಂತ ಕೂತುಬಿಡ್ತಾನೆ" ಎಂದು ಆಣೆ ಹಾಕಿಸಿಕೊಂಡರು.

ಸುಮ್ಮನಿರುವ ಜಾಯಮಾನವೇ ನನ್ನದು? ಮೊಬೈಲಿನಲ್ಲಿ ಬೆನ್ನಿನ ವ್ಯಾಯಾಮದ ವಿಡಿಯೋ ಹಾಕಿ, ಶಟರ್ ಅರ್ಧ ಎಳೆದು, ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಅಂಬೆಗಾಲಲ್ಲಿ ಬೆಕ್ಕಿನ ಹಾಗೆ ಬೆನ್ನು ಉಬ್ಬಿಸುತ್ತಿದ್ದೆವು. ಆಗಲೇ ಕೋಟಿನ ಟ್ರಯಲ್‌ಗೆ ಒಬ್ಬರು ಬಗ್ಗಿ ಒಳಗೆ ಬರಬೇಕೇ? ಅವರು ಫಿಸಿಯೋಥೆರಪಿಸ್ಟ್! ಮನಸಾರೆ ನಕ್ಕು, ಆಮೇಲೆ ನನಗೆ ಮೆತ್ತಗೆ ಬೈದರು. ನೋವು ಹೊಸದಾಗಿರುವಾಗ ವಿಡಿಯೋ ನೋಡಿ ಬೆನ್ನು ತಿರುಚಬಾರದಂತೆ. ಹಾಗಂತ ಮಲಗಿಯೇ ಇರಲೂಬಾರದು. ಬಿಸಿನೀರಿನ ಚೀಲ ಇಟ್ಟುಕೊಂಡು, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಭಾರ ಎತ್ತುವಾಗ ಬಗ್ಗಬೇಕಾದದ್ದು ಮಂಡಿ, ಬೆನ್ನಲ್ಲ. ಕಾಲು ಜುಮ್ಮೆಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು (ಅತ್ತೆಗೆ ಹಾಗೇನೂ ಇಲ್ಲ, ದಿನಾ ಕೇಳುತ್ತೇನೆ). ಹೊರಡುವಾಗ ಅತ್ತೆ ಮೇಜಿನ ಮುಂದೆ ನಿಂತದ್ದನ್ನು ನೋಡಿ, "ಅಮ್ಮಾ, ಇಷ್ಟು ತಗ್ಗಿನ ಮೇಜು ಯಾರಿಗೆ ಅಂತ ಮಾಡಿಸಿದ್ದು?" ಎಂದರು. ಅತ್ತೆ ಅಳತೆ ಟೇಪು ಸುತ್ತತೊಡಗಿದರು.

ಅವರು ಹೋದ ಮೇಲೆ ಅತ್ತೆ ನನಗೆ ಹೇಳಿದರು. ಮೇಜು ಮಾವನ ಅಳತೆಯದು. ಕೈ ನಡುಗಲು ಶುರುವಾದಾಗ ಮಾವ ಕತ್ತರಿ ಕೆಳಗಿಟ್ಟು, "ಸ್ವಲ್ಪ ದಿನ ನೀನು ನೋಡ್ಕೋ" ಎಂದಿದ್ದರಂತೆ. "ಈಗ ಮೇಜು ಎತ್ತರ ಮಾಡಿದ್ರೆ, ಇನ್ನು ನಿಮ್ಮ ಕೈಲಾಗಲ್ಲ ಅಂತ ಅವರ ಮುಖಕ್ಕೇ ಹೇಳಿದ ಹಾಗಲ್ವೇನೇ?" ಎಂದರು ಅತ್ತೆ. ಅದಕ್ಕೋಸ್ಕರ ಇಷ್ಟು ವರ್ಷ ಬೆನ್ನು ಬಗ್ಗಿಸಿಕೊಂಡೇ ನಿಂತಿದ್ದಾರೆ!

ಆದರೆ ನನ್ನ ಬಾಯಿ ನಿಮಗೆ ಗೊತ್ತಲ್ಲ. ಮಾವನಿಗೆ ಊಟ ಬಡಿಸುತ್ತ ಎಲ್ಲವನ್ನೂ ಒದರಿಬಿಟ್ಟೆ. ಅವರು ಬೇಗಬೇಗ ಊಟ ಮುಗಿಸಿ, ಚಪ್ಪಲಿ ಮೆಟ್ಟಿ ಹೊರಟೇ ಹೋದರು. ಮನೆ ಮುರಿದೆನಲ್ಲ ಎಂದು ನಾನು ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ಸಂಜೆ ಮಾವ ಮೇಜಿನ ಕಾಲಡಿ ಇಡುವ ಮರದ ತುಂಡುಗಳನ್ನು ಬಡಗಿಯ ಕೈಯಲ್ಲಿ ಹೊರಿಸಿಕೊಂಡು ಬಂದರು. ಕಾಲು ಜಾರದಂತೆ ಒಂದೊಂದರಲ್ಲೂ ಕುಳಿ ಕೊರೆಸಿದ್ದರು! "ನೋಡಮ್ಮ, ನಾನೇನು ಕುಳ್ಳ ಅಲ್ಲ. ನಿಮ್ಮತ್ತೇನೇ ಅತಿಯಾಗಿ ಬೆಳೆದಿರೋದು." ಅತ್ತೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು, "ಟೈಲರ್ ಅಲ್ವಾ ನೀವು, ಮದುವೆಗೆ ಮುಂಚೇನೇ ಅಳತೆ ತಗೋಬೇಕಿತ್ತು" ಎಂದರು. ಆ ನಗು ನಿಮ್ಮ ಗುಡ್ಡಕ್ಕೂ ಕೇಳಿಸಿರಬೇಕು!

ಈಗ ಅತ್ತೆ ನೆಟ್ಟಗೆ ನಿಂತು ಕತ್ತರಿಸುತ್ತಾರೆ. ನೋವು ಪೂರ್ತಿ ಹೋಗಿಲ್ಲ, ಇಳಿದಿದೆ. ಹೊಸ ಆರ್ಡರ್ ಬಂದರೆ ಮಾವನೇ "ಹಬ್ಬ ಆದ್ಮೇಲೆ ಬನ್ನಿ" ಎಂದು ಕೈಮುಗಿಯುತ್ತಾರೆ. ಗಂಟೆಗೊಮ್ಮೆ "ನಡಿಯೇ" ಎಂದು ಅತ್ತೆಯನ್ನು ಬೀದಿಯ ಕೊನೆಯವರೆಗೂ ನಡೆಸಿಕೊಂಡು ಬರುತ್ತಾರೆ. ಹೊಸದಾಗಿ ಮದುವೆಯಾದವರು ಯಾರು ಎಂದು ನನಗೇ ಅನುಮಾನ.

ಅತ್ತೆ ಮಾವ ಇಬ್ಬರೂ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ನಾನು ತಿಳಿಸುವುದನ್ನು ಕಾಗದದಲ್ಲಿ ಬರೆಯಲು ನಾಚಿಕೆ.

ನಿಮ್ಮವಳೇ ಆದ
ಬಾಯಿಬಡುಕಿ

ತಾ.ಕ.: ಕಾಗದ ಒಯ್ಯುವ ನಿಮ್ಮ ಜೀಪಿನವರು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಹೇಳುತ್ತೇನೆ. ಹಬ್ಬಕ್ಕೆ ಬಂದಾಗ ಅಂಗಡಿ ಮುಚ್ಚುವ ಮಾತು ದಯವಿಟ್ಟು ಎತ್ತಬೇಡಿ. ಅತ್ತೆಯ ಅರ್ಧ ಕೆಲಸ ನನ್ನದು, ಮಾವ ಪಕ್ಕದಲ್ಲಿ ಕೂತು ನನಗೆ ಕಟಿಂಗ್ ಕಲಿಸುತ್ತಿದ್ದಾರೆ. ಮೊದಲು ಕತ್ತರಿಸಿದ್ದು ನಿಮ್ಮ ಶರ್ಟು. ಎಡತೋಳು ಒಂಚೂರು ಗಿಡ್ಡ. ಹಬ್ಬಕ್ಕೆ ಅದನ್ನೇ ಹಾಕಿಕೊಳ್ಳಬೇಕು.