ಎಡಕ್ಕೆ ನೋಡುವ ಫೋಟೊ

ಫೆಬ್ರವರಿ 9
ಮೊದಲ ಪೀರಿಯಡ್ ಕಲಾ ಇತಿಹಾಸ. ಪರದೆಯ ಮೇಲೆ ಮತ್ತೊಬ್ಬಳು ಮೇರಿ ಮಾತೆ. ಝೋಲಿ ಮೇಡಂದು ಅದೇ ಮಂತ್ರ — "ಮೊದಲು ಕಾಣೋದನ್ನ ಹೇಳಿ. ಆಮೇಲೆ ಹೇಗೆ ಮಾಡಿದಾರೆ ಅಂತ. ನಿಮಗೇನನ್ನಿಸ್ತು ಅನ್ನೋದು ಕೊನೇಲಿ, ಟೈಮ್ ಉಳಿದ್ರೆ."
ನನಗೆ ಅನುಕೂಲವೇ ಆಯಿತು. ಡಿಸೆಂಬರ್‌ನಲ್ಲಿ ಅಮ್ಮ ಹೋದಾಗಿನಿಂದ ಏನೂ ಅನ್ನಿಸುತ್ತಿಲ್ಲ. ಅಳುವೂ ಬಂದಿಲ್ಲ. ಮಾರ್ಕ್ಸ್ ಮಾತ್ರ ಏರಿದೆ.

ಫೆಬ್ರವರಿ 11, ಸಂಜೆ
ಅಪ್ಪ ಅಡುಗೆಮನೆ ಮೇಜಿನ ಮೇಲೆ ಅಮ್ಮನ ಫೋಟೊಗಳನ್ನೆಲ್ಲ ಹರಡಿದ. ಸಮಾಧಿಕಲ್ಲಿಗೆ ಒಂದು ಬೇಕು. ಪಿಂಗಾಣಿ ಬಿಲ್ಲೆಯ ಮೇಲೆ ಅಚ್ಚು ಹಾಕಿ ಸುಡುತ್ತಾರೆ.
"ನೀನೇ ಆರಿಸು ಅಂಬ್ರಾ. ಚಿತ್ರ ನೋಡೋದು ನಿಂಗೆ ಗೊತ್ತು."
ಪರೀಕ್ಷೆಗೆ ಕೂತ ಹಾಗೆ ಕೂತೆ. ಚೆರ್ವಿಯಾ ಬೀಚಿನದು ಎತ್ತಿಟ್ಟೆ. ಬೆಳಕು ಒಂದೇ ಕಡೆಯಿಂದ, ಹಿಂದೆ ಖಾಲಿ ಆಕಾಶ, ಮುಖ ಮುಕ್ಕಾಲು ತಿರುವು, ನೋಟ ಎಡಕ್ಕೆ, ಕೊಂಚ ಕೆಳಗೆ.
ಇವೊನ್ನೆ ಅತ್ತೆ ಮೂಗು ಮುರಿದಳು. "ಸತ್ತೋರು ನೋಡಕ್ಕೆ ಬಂದೋರನ್ನ ನೆಟ್ಟಗೆ ನೋಡ್ಬೇಕು ಕಣೇ. ಪಾಸ್‌ಪೋರ್ಟ್ ಫೋಟೊ ಇದ್ಯಲ್ಲ?"
"ಅದ್ರಲ್ಲಿ ಬೆಳಕು ಚಪ್ಪಟೆ, ಅತ್ತೆ."
"ಬೆಳಕಂತೆ. ಅಣ್ಣಾ, ನೀನಾದ್ರೂ ಹೇಳೋ."
ಅಪ್ಪ ಬೀಚಿನ ಫೋಟೊವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. "ಅವಳು ಹೇಳಿದ್ದೇ ಆಗ್ಲಿ," ಅಂದ.

ಮಾರ್ಚ್ 22, ಭಾನುವಾರ
ಸ್ಮಶಾನದ ಗೋಡೆಯಲ್ಲಿ ಅಮ್ಮನನ್ನಿಟ್ಟ ಗೂಡಿನ ಕಲ್ಲಿಗೆ ಬಿಲ್ಲೆ ಕೂಡಿಸಿದ್ದಾರೆ. ಅತ್ತೆ ಹೇಳಿದ್ದೇ ಸರಿ. ಎದುರಿಗೆ ನಿಂತರೆ ಅಮ್ಮ ನಮ್ಮನ್ನು ನೋಡುವುದಿಲ್ಲ. ಪಕ್ಕದ ಗೂಡಿನ ಸಿಲ್ವಾಗ್ನಿ ಅನ್ನುವ ಮುದುಕನ ಕಡೆ ನೋಡುತ್ತಾಳೆ. ಈ ಗೋಡೆಯಲ್ಲಿರುವವರೆಲ್ಲ ನೆಟ್ಟಗೆ, ಇವಳೊಬ್ಬಳು ಓರೆ.
ಚಿತ್ರ ಚೆನ್ನಾಗಿದೆ, ಸಮಾಧಿಗೆ ಸಲ್ಲದು. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ... ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಅಪ್ಪ ಕರವಸ್ತ್ರದಿಂದ ಬಿಲ್ಲೆ ಒರೆಸಿದ.

ಏಪ್ರಿಲ್ 19
ಅಪ್ಪ ಈಗ ಅಮ್ಮನ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಾನೆ. ಎಡಕ್ಕೆ ಸರಿದು ಸಿಲ್ವಾಗ್ನಿಯ ಮುಂದೆ ನಿಲ್ಲುತ್ತಾನೆ, ಕೈಯಲ್ಲಿ ಹೂ. ಇವತ್ತು ಆ ಮುದುಕನ ಹೆಂಡತಿ ಬಂದಿದ್ದಳು.
"ಏನ್ರೀ, ನನ್ನ ಗಂಡನಿಗೆ ಕಾವಲಾ?"
"ಇಲ್ಲ ಅಮ್ಮಾ. ಇಲ್ಲಿ ನಿಂತ್ರೆ ನನ್ನವಳ ಕಣ್ಣಿಗೆ ಬೀಳ್ತೀನಿ."
"ನಿಲ್ಲಿ ನಿಲ್ಲಿ. ಇವರಂತೂ ಬದುಕಿದ್ದಾಗ್ಲೂ ಯಾರನ್ನೂ ತಲೆಯೆತ್ತಿ ನೋಡ್ದೋರಲ್ಲ."
ಇಬ್ಬರೂ ನಕ್ಕರು. ನಾನು ಹೂದಾನಿಗೆ ನೀರು ತರಲು ಹೋದೆ.

ಜೂನ್ 26
ಬೋರ್ಡ್ ಪರೀಕ್ಷೆಯ ಮೌಖಿಕ ಮುಗಿಯಿತು. ಎದುರಿಗೆ ಇಟ್ಟದ್ದು ಹಳೇ ಚರ್ಚಿನ ಚಿತ್ರಫಲಕದ ಅರ್ಧ, ಇನ್ನರ್ಧ ಕಳೆದುಹೋಗಿದೆಯಂತೆ. ಒಬ್ಬ ಹೆಂಗಸು, ಚೌಕಟ್ಟಿನಾಚೆ ನೋಡುತ್ತಿದ್ದಾಳೆ. ಬೆಳಕು, ಬಟ್ಟೆಯ ಮಡಿಕೆ, ಬಂಗಾರದ ಹಿನ್ನೆಲೆ — ಎಲ್ಲ ಪಟಪಟ ಹೇಳಿದೆ.
ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, "ಯಾರನ್ನ ನೋಡ್ತಿದಾಳೆ?"
"ಇನ್ನರ್ಧ ಇಲ್ಲ ಸರ್. ತಿಳಿಯುವ ಹಾಗಿಲ್ಲ."
ತಲೆದೂಗಿದರು. ಝೋಲಿ ಮೇಡಂ ಮಾತ್ರ ನನ್ನನ್ನೇ ನೋಡುತ್ತಿದ್ದರು.
ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಪಿಯದೀನಾ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.
"ನಮ್ಮ ಬೀಚಿನ ಫೋಟೊದ್ದು ಗೊತ್ತಲ್ಲ ನಿಂಗೆ?"
"ಏನು?"
"ಅವತ್ತು ಐಸ್‌ಕ್ರೀಮ್ ಮರಳಿಗೆ ಬೀಳಿಸ್ಕೊಂಡು ನೀನು ಊರೆಲ್ಲ ಒಂದ್ಮಾಡೋ ಹಾಗೆ ಅಳ್ತಿದ್ದೆ. ಇಷ್ಟಿದ್ದೆ." ಕೈಯನ್ನು ಮೇಜಿನ ಅಂಚಿಗೆ ಹಿಡಿದು ತೋರಿಸಿದ. "ಕ್ಯಾಮರಾದಲ್ಲಿ ನೀನು ಸಿಕ್ಕಲಿಲ್ಲ. ನಿನ್ನ ಕಡೆ ತಿರುಗಿದ್ದ ಅವಳು ಮಾತ್ರ ಬಂದ್ಲು."
"ಮತ್ತೆ ಆವಾಗ್ಲೇ ಹೇಳ್ಬಾರ್ದಿತ್ತಾ?"
"ಗೊತ್ತಿದ್ದೇ ಆರಿಸಿದೀಯಾ ಅನ್ಕೊಂಡೆ ಮಗಳೇ."

ಜೂನ್ 28, ಭಾನುವಾರ
ಬೆಳಿಗ್ಗೆ ಒಬ್ಬಳೇ ಹೋದೆ. ಸಿಲ್ವಾಗ್ನಿಯ ಮುಂದೆ, ಅಪ್ಪನ ಜಾಗದಲ್ಲಿ ನಿಂತೆ. ಸರಿಹೋಗಲಿಲ್ಲ. ಅಮ್ಮನ ನೋಟ ಇನ್ನೂ ಕೆಳಗಿದೆ. ಅಪ್ಪನಿಗೂ ಅದು ಸಿಕ್ಕಿರಲಿಕ್ಕಿಲ್ಲ, ಪಾಪ. ಅಲ್ಲೇ ಕಲ್ಲುಹಾಸಿನ ಮೇಲೆ ಕುಕ್ಕರುಗಾಲಲ್ಲಿ ಕೂತೆ.
ಈಗ ಸರಿ. ನನ್ನನ್ನೇ.
ಮೊದಲು ಕಾಣುವುದನ್ನು ಹೇಳು. ಎಡಗೆನ್ನೆಯ ಮೇಲೆ ಬಿಸಿಲು. ಕೂದಲಲ್ಲಿ ಮರಳು, ಇದುವರೆಗೆ ಕಂಡಿರಲಿಲ್ಲ. ನಗು ಬರುತ್ತಿದೆ, ತಡೆದುಕೊಂಡಿದ್ದಾಳೆ, ಯಾಕೆಂದರೆ ನಾನು ಅಳುತ್ತಿದ್ದೇನೆ.