ಅಣ್ಣನ ಸರದಿ

ಪ್ರೀತಿಯ ಅಣ್ಣ, ಕುಯಾ ಅರ್ನೆಲ್,

ನಿನ್ನನ್ನು ಎಬ್ಬಿಸದೆ ಕೆಲಸಕ್ಕೆ ಹೊರಟಿದ್ದೇನೆ. ಅನ್ನ ಪಾತ್ರೆಯಲ್ಲಿದೆ, ಹುರಿದ ಒಣಮೀನು ಮುಚ್ಚಿಟ್ಟಿದ್ದೇನೆ, ಬೆಕ್ಕಿನ ಮೇಲೆ ಕಣ್ಣಿರಲಿ. ಮಾತ್ರೆ ಊಟದ ಮೇಲೆ, ಖಾಲಿ ಹೊಟ್ಟೆಗೆ ಬೇಡ.

ಇವತ್ತು ಒಂದು ಗಂಟೆಗೆ ಕುಡಿತ ಬಿಡಿಸುವ ಚಿಕಿತ್ಸಾ ಕೇಂದ್ರದಲ್ಲಿ ಗುಂಪಿನ ಮಾತುಕತೆ. ಎರಡು ಸಲ ತಪ್ಪಿಸಿದ್ದೀಯ. ಮೂರನೆಯ ಸಲಕ್ಕೆ ಹೆಸರು ಹೊಡೆದುಹಾಕುತ್ತಾರೆ. ಎರಡು ಸಲವೂ ಅವರು ಕುಡಿಯಲು ಕೂರುವ ಮೂಲೆಯಂಗಡಿ ದಾಟಲಾಗಲಿಲ್ಲ ಎಂದು ನೀನೇ ಹೇಳಿದೆ. ಒಂದೇ ಗ್ಲಾಸು ಎಲ್ಲರಿಗೂ ಸುತ್ತುವಾಗ ತನ್ನ ಸರದಿಯನ್ನು ಬೇಡ ಎನ್ನುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು. ಇವತ್ತು ಅಲ್ಲಿಯ ಹಿರಿಯ ಮಾಂಗ್ ಸೆಲ್ಸೊ ಅವರ ಮೊಮ್ಮಗನ ಜ್ಞಾನಸ್ನಾನ ಬೇರೆ, ಮಧ್ಯಾಹ್ನವೇ ಕುಡಿಯಲು ಕೂರುತ್ತಾರೆ.

ಅದಕ್ಕೇ ನಿನ್ನೆ ಸಂಜೆ ನಾನೇ ಆ ಅಂಗಡಿಗೆ ಹೋಗಿದ್ದೆ. ಗ್ಲಾಸಿಗೆ ಸುರಿಯುತ್ತಿದ್ದ ಮಾಂಗ್ ಸೆಲ್ಸೊಗೆ, "ನಾಳೆ ಕುಯಾ ಈ ದಾರೀಲಿ ಹೋಗ್ತಾನೆ, ದಯವಿಟ್ಟು ಕರೀಬೇಡಿ" ಎಂದೆ.

"ನೋಡ್ರೋ, ಈ ಹುಡುಗಿಗೂ ಬಾಯಿದೆ" ಎಂದರು. ಎಲ್ಲರೂ ನಕ್ಕರು. "ಅವನ ಸರದೀನ ಯಾರು ಕುಡೀತಾರೆ, ನೀನಾ?"

ಒಬ್ಬರ ಪಾಲನ್ನು ಇನ್ನೊಬ್ಬರು ಕುಡಿದರೆ ಸರದಿ ತೀರಿತೆಂಬುದು ಅವರದೇ ನಿಯಮ. ಗ್ಲಾಸು ಇಸಿದುಕೊಂಡು ಕುಡಿದೆ. ಅರ್ಧ ರವಿಕೆಯ ಮೇಲೆ ಚೆಲ್ಲಿತು, ಉಳಿದರ್ಧಕ್ಕೆ ಕಣ್ಣಲ್ಲಿ ನೀರು ಬಂತು. ಆಮೇಲೆ ಯಾರೂ ನಗಲಿಲ್ಲ. "ಆಯ್ತಮ್ಮ, ಕರೆಯಲ್ಲ" ಎಂದರು ಮಾಂಗ್ ಸೆಲ್ಸೊ.

ಇದನ್ನು ಗುಂಪಿನಲ್ಲಿ ಹೇಳಬೇಕೆನಿಸಿದರೆ ಹೇಳು, ಸಲಹೆಗಾರ್ತಿ ನನಗೆ ಬೈಯಲಿ. ನೆನೆಸಿಟ್ಟ ರವಿಕೆಯನ್ನು ಒಗೆದುಹಾಕು.

ಹನ್ನೆರಡೂವರೆಗೆ ಹೊರಡು. ಹಿತ್ತಲ ದಾರಿ ಬೇಡ, ಅಂಗಡಿಯ ಮುಂದೆಯೇ ಹೋಗು. ಮಾಂಗ್ ಸೆಲ್ಸೊ ಕೈ ಎತ್ತಿದರೆ ನೀನೂ ಎತ್ತು, ಆದರೆ ನಿಲ್ಲಬೇಡ. ಇನ್ನೊಂದು ಸರದಿ ನನ್ನಿಂದ ಕುಡಿಯಲಾಗದು.

ಲುನಿಂಗ್