ಅಗಲದ ದೋಣಿ, ಇಕ್ಕಟ್ಟಿನ ದೋಣಿ

ಮಾರ್ಚ್ ೧೪, ಗುರುವಾರ

ಎಷ್ಟು ಉಜ್ಜಿದರೂ ಉಗುರಸಂದಿಯ ರಕ್ತ ಹೋಗಿಲ್ಲ. ನನ್ನ ಮಗನ ರಕ್ತ.

ಅವನೂ ಅಳಿಯನೂ ಸೇರಿ ಒಂದು ಹಾಯಿದೋಣಿ ಕೊಂಡು, ಎರಡೂ ಸಂಸಾರ ವರ್ಷವಿಡೀ ಅದರಲ್ಲೇ ಸಮುದ್ರ ಸುತ್ತಬೇಕು ಅಂತಿದ್ದರು. ನೋಡಿಟ್ಟಿದ್ದು ಎರಡು, ಉದ್ದ ಹೆಚ್ಚುಕಮ್ಮಿ ಒಂದೇ. ಮಗನಿಗೆ ಇಕ್ಕಟ್ಟಿನದು ಇಷ್ಟ, ಭಾರವಾದ್ದು, ಅಲೆಗೆ ಜಗ್ಗಲ್ಲ. ಅಳಿಯನಿಗೆ ಅಗಲದ್ದು. ಇವತ್ತು ಅಗಲದ್ದನ್ನು ಜೋರು ಗಾಳಿಯಲ್ಲಿ ಸಮುದ್ರಕ್ಕೆ ಒಯ್ದು ನೋಡಿದೆವು.

"ಒಳಗೆ ಕುಣಿಯೋಕೂ ಜಾಗ ಇದೆ ನೋಡಿ ಭಾವ," ಅಂದ ಅಳಿಯ.

"ನಿಮಗೆ ಬೇಕಾಗಿರೋದು ದೋಣಿಯಲ್ಲ, ಮದುವೆ ಮಂಟಪ," ಅಂದ ಮಗ.

"ಪುಕ್ಕಲರಿಗೆ ಪೆಟ್ಟಿಗೆನೇ ಸರಿ ಬಿಡಿ."

ಮಗ ಕೆನ್ನೆಗೆ ಬಾರಿಸಿದ. ಅಳಿಯ ಎರಡೂ ಕೈಯಲ್ಲಿ ಅವನನ್ನು ನೂಕಿದ, ಅದೇ ಹೊತ್ತಿಗೆ ಅಲೆ ಎತ್ತಿಹಾಕಿತು. ಬಯಲಿನಂಥ ಆ ಒಳಕೋಣೆಯಲ್ಲಿ ಹಿಡಿಯೋಕೆ ಏನೂ ಇರಲಿಲ್ಲ. ಈ ಗೋಡೆಯಿಂದ ಹಾರಿದ ಮಗನ ಹಣೆ ಆಚೆಯ ಮೇಜಿನ ಮೂಲೆಗೆ ಬಡಿದು ಸೀಳಿತು. ಎದ್ದವನೇ ಹಗ್ಗ ಬಿಗಿಯುವ ಕಬ್ಬಿಣದ ಹಿಡಿಕೆ ಕಿತ್ತುಕೊಂಡು ಅಳಿಯನ ಮಣಿಕಟ್ಟಿಗೆ ಬೀಸಿದ. ಮೂಳೆ ಮುರಿದ ಸದ್ದು ಗಾಳಿಯಲ್ಲೂ ಕೇಳಿಸಿತು. ನನ್ನ ಎರಡು ಕಣ್ಣುಗಳು ಒಂದನ್ನೊಂದು ಚುಚ್ಚಿಕೊಂಡವು.

ಇಕ್ಕಟ್ಟಿನದಾಗಿದ್ದರೆ ಮಗ ಒಂದು ಮೊಳಕ್ಕೇ ಭುಜ ಗೋಡೆಗೆ ತಾಗಿ ನಿಲ್ಲುತ್ತಿದ್ದ. ಕೈ ಬೀಸೋಕೂ ಜಾಗ ಇರುತ್ತಿರಲಿಲ್ಲ.

"ಇಕ್ಕಟ್ಟಿನದೇ ವಾಸಿ," ಅಂದೆ.

ಗಂಡನ ಕೈಗೆ ಪಟ್ಟಿ ಸುತ್ತುತ್ತಿದ್ದ ಮಗಳು ತಲೆಯೆತ್ತಲಿಲ್ಲ. "ಅದರಲ್ಲಿ ಮೈಗೆ ಮೈ ತಾಗದೆ ಇಬ್ಬರು ದಾಟೋಕಾಗಲ್ಲಮ್ಮ. ಒಂದಿಡೀ ವರ್ಷ."

ಹಿಡಿಕೆಯನ್ನು ನನ್ನ ಚೀಲದಲ್ಲಿ ಬಚ್ಚಿಟ್ಟು ತಂದಿದ್ದೇನೆ. ನಾಳೆ ದೋಣಿಯವನಿಗೆ ಕೊಟ್ಟು, ಎರಡೂ ಬೇಡಪ್ಪ ಅಂತ ನಾನೇ ಹೇಳಬೇಕು. ಆಮೇಲೆ ಇವರಿಬ್ಬರನ್ನೂ ಒಂದೇ ಊಟದ ಮೇಜಿಗೆ ಹೇಗೆ ಕೂರಿಸಲಿ?